ಮಾಳಿಗೆಗೆ ಕಿರುಗೋಡೆ ಕಟ್ಟಿದಿರಾ?



ಹೊಸ ಮನೆ ಕಟ್ಟಿ ಮುಗಿಸಿದ ಮೇಲೆ ಗುರುಗಳನ್ನು ಕರೆಸಿ ಆಶೀರ್ವಾದ ಮಾಡಿಸುವುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದ ಸತ್ಸಂಪ್ರದಾಯ. ನನ್ನ ಯಾಜಕ ಜೀವನದಲ್ಲಿ ಇಂಥ ನೂರಾರು ಮನೆಗಳ ಹೊಸ್ತಿಲು ದಾಟಿದ್ದೇನೆ. ಪ್ರಾರ್ಥನೆ ಹೇಳಿ, ಕೋಣೆಕೋಣೆಗೂ ಪವಿತ್ರ ಜಲ ಪ್ರೋಕ್ಷಿಸಿ, ಮನೆಯವರು ಪ್ರೀತಿಯಿಂದ ಬಡಿಸಿದ್ದನ್ನು ಉಂಡು ಬಂದಿದ್ದೇನೆ. ಆದರೆ ಒಂದೇ ಒಂದು ಮನೆಯಲ್ಲಾದರೂ "ಇದಕ್ಕೆ ನಗರಸಭೆಯ ಪರವಾನಗಿ ಇದೆಯೇ? ನಕ್ಷೆಯಲ್ಲಿ ತೋರಿಸಿದಂತೆಯೇ ಕಟ್ಟಿದ್ದೀರಾ?" ಎಂದು ಕೇಳಿದವನಲ್ಲ. ಕೇಳಿದ್ದರೆ ಮನೆಯವರು ಮುಖಮುಖ ನೋಡಿಕೊಳ್ಳುತ್ತಿದ್ದರು. ಸ್ವಾಮಿಗಳಿಗೇಕೆ ಈ ಉಸಾಬರಿ ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು.

ಇದು ಸ್ವಾಮಿಗಳ ಉಸಾಬರಿಯೂ ಹೌದು, ನಿಮ್ಮ ಉಸಾಬರಿಯೂ ಹೌದು ಎಂದು ಹೇಳುವುದಕ್ಕಾಗಿಯೇ ಈ ಬರಹ. ಕಟ್ಟಡದ ಪರವಾನಗಿಯೆಂದರೆ ನಗರಸಭೆಯ ಗುಮಾಸ್ತರಿಗೂ ಮನೆಯ ಯಜಮಾನನಿಗೂ ನಡುವಿನ ಕಾಗದಪತ್ರದ ವ್ಯವಹಾರ ಎಂದು ನಾವು ನಂಬಿದ್ದೇವೆ. ಹಾಗೆ ನಂಬಿರುವುದರಿಂದಲೇ ಅದನ್ನು ತಪ್ಪಿಸಿಕೊಂಡವನನ್ನು ಜಾಣನೆನ್ನುತ್ತೇವೆ. ನಮ್ಮ ಪ್ರಾರ್ಥನಾ ಪುಸ್ತಕಗಳ ಆತ್ಮಶೋಧನೆಯ ಪಟ್ಟಿಯಲ್ಲಿ ಶುಕ್ರವಾರ ಮಾಂಸ ತಿಂದದ್ದಕ್ಕೂ ಸ್ಥಾನವಿದೆ. ಎರಡು ಅಂತಸ್ತಿಗೆ ಅನುಮತಿ ಪಡೆದು ನಾಲ್ಕು ಅಂತಸ್ತು ಏರಿಸಿದ್ದಕ್ಕೆ ಸ್ಥಾನವಿಲ್ಲ.

ಪವಿತ್ರ ಗ್ರಂಥದಲ್ಲಿ ಕಟ್ಟಡದ ನಿಯಮ

ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದ 8ನೆಯ ವಚನವನ್ನು ತೆರೆದು ನೋಡಿ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತಲೂ ಕಿರುಗೋಡೆ ಕಟ್ಟಬೇಕು. ಅದಿಲ್ಲದೆ ಯಾರಾದರೂ ಮೇಲಿನಿಂದ ಬಿದ್ದು ಸತ್ತರೆ ಆ ರಕ್ತದ ಅಪರಾಧ ಆ ಮನೆಗೆ ತಟ್ಟುತ್ತದೆ ಎಂಬುದು ಅಲ್ಲಿನ ಆಜ್ಞೆಯ ತಾತ್ಪರ್ಯ. ಆ ನಾಡಿನಲ್ಲಿ ಮಾಳಿಗೆಯೆಂದರೆ ಜನ ಓಡಾಡುವ ಸಮತಟ್ಟಾದ ಛಾವಣಿ. ರಾಹಾಬಳು ಅಗಸೆಯ ದಂಟುಗಳನ್ನು ಹರಡಿದ್ದು ಮಾಳಿಗೆಯ ಮೇಲೆ. ಯೊಪ್ಪದಲ್ಲಿ ಪ್ರೇಷಿತ ಪೇತ್ರನು ಪ್ರಾರ್ಥನೆಗಾಗಿ ಏರಿ ಹೋದದ್ದೂ ಮಾಳಿಗೆಗೆ. ಬಟ್ಟೆ ಒಣಗಿಸುವುದು, ಹಪ್ಪಳ ಹರಡುವುದು, ಮಕ್ಕಳು ಗಾಳಿಪಟ ಹಾರಿಸುವುದು ನಮ್ಮಲ್ಲಿಯೂ ತಾರಸಿಯ ಮೇಲೆಯೇ ಅಲ್ಲವೇ?

ಈ ಪುಟ್ಟ ಆಜ್ಞೆಯಲ್ಲಿ ಮೂರು ಸಂಗತಿಗಳನ್ನು ಗಮನಿಸಿ. ಮೊದಲನೆಯದಾಗಿ, ಮನೆ ನಿನ್ನದು, ನಿವೇಶನ ನಿನ್ನದು, ಹಣ ನಿನ್ನದು. ಆದರೂ ಹೇಗೆ ಕಟ್ಟಬೇಕೆಂದು ಹೇಳುವ ಅಧಿಕಾರ ದೇವರಿಗಿದೆ. ಏಕೆಂದರೆ ಆ ಮಾಳಿಗೆಯನ್ನು ಏರುವವರು ಬೇರೆಯವರು. ಎರಡನೆಯದಾಗಿ, ಆಜ್ಞೆ ಬಂದದ್ದು ಯಾರೂ ಬೀಳುವುದಕ್ಕೆ ಮುಂಚೆ. ಬಿದ್ದ ಮೇಲೆ ಪರಿಹಾರ ಕೊಟ್ಟರೆ ಸಾಕೆಂದು ದೇವರು ಹೇಳಲಿಲ್ಲ. ಮೂರನೆಯದಾಗಿ, ಯಜಮಾನನ ಉದ್ದೇಶವನ್ನು ಅಲ್ಲಿ ಯಾರೂ ವಿಚಾರಿಸುವುದಿಲ್ಲ. ಕೊಲ್ಲುವ ಮನಸ್ಸು ಅವನಿಗಿರಲಿಲ್ಲ; ಕಿರುಗೋಡೆಯ ಖರ್ಚು ಉಳಿಸುವ ಮನಸ್ಸು ಮಾತ್ರ ಇತ್ತು. ರಕ್ತಾಪರಾಧಕ್ಕೆ ಅಷ್ಟೇ ಸಾಕಾಯಿತು.

ಇನ್ನು ಯಾಜಕಕಾಂಡದ 14ನೆಯ ಅಧ್ಯಾಯಕ್ಕೆ ಬನ್ನಿ. ಮನೆಯ ಗೋಡೆಯಲ್ಲಿ ಹಸಿರು ಅಥವಾ ಕೆಂಪು ಬಣ್ಣದ ಬೂಷ್ಟು ಕಂಡರೆ ಯಜಮಾನನು ಯಾಜಕನಿಗೆ ತಿಳಿಸಬೇಕು. ಯಾಜಕನು ಬಂದು ಪರೀಕ್ಷಿಸಿ, ಮನೆಯನ್ನು ಏಳು ದಿನ ಮುಚ್ಚಿಸಿ, ಮತ್ತೆ ಬಂದು ನೋಡಬೇಕು. ಹರಡಿದ್ದರೆ ಆ ಕಲ್ಲುಗಳನ್ನು ಕೀಳಿಸಬೇಕು. ಆಗಲೂ ನಿಲ್ಲದಿದ್ದರೆ ಮನೆಯನ್ನೇ ಕೆಡವಿಸಬೇಕು. ಇದನ್ನು ನಾನು ಗುರುಮಠದಲ್ಲಿ ಓದಿದಾಗ ಹಳೆಯ ಕಾಲದ ಶುದ್ಧಾಚಾರವೆಂದು ಪುಟ ಮಗುಚಿದ್ದೆ. ಈಗ ಓದುವಾಗ ನಾಚಿಕೆಯಾಗುತ್ತದೆ. ನೋಟಿಸು, ಕಾಲಾವಕಾಶ, ಮರುಪರಿಶೀಲನೆ, ದುರಸ್ತಿಗೆ ಅವಕಾಶ, ಕೊನೆಗೆ ಕೆಡವುವ ಆದೇಶ, ಎಲ್ಲವೂ ಅಲ್ಲಿವೆ. ಇಸ್ರಯೇಲಿನ ಯಾಜಕನು ಗೋಡೆ ಮುಟ್ಟಿ ನೋಡಿದ ಮೇಲೆಯೇ ಮನೆ ಶುದ್ಧವೆಂದು ಸಾರುತ್ತಿದ್ದನು. ನಾವೋ ಗೋಡೆಯನ್ನು ನೋಡದೆಯೇ ಪವಿತ್ರ ಜಲ ಎರಚುತ್ತೇವೆ.

ಸಂತ ಜೋಸೆಫರ ಹಬ್ಬದ ದಿನ

2019ರ ಮಾರ್ಚ್ 19, ಮಂಗಳವಾರ. ತಪಸ್ಸು ಕಾಲದ ನಡುವೆ ಬಂದ ಸಂತ ಜೋಸೆಫರ ಮಹೋತ್ಸವ. ಶುಭಸಂದೇಶದ ಗ್ರೀಕ್ ಮೂಲ ಅವರನ್ನು 'ತೆಕ್ತೋನ್' ಎಂದು ಕರೆಯುತ್ತದೆ. ಬಡಗಿ ಎಂದು ನಾವು ಹೇಳುವ ಆ ಪದಕ್ಕೆ ಕಟ್ಟುವ ಕುಶಲಕರ್ಮಿ ಎಂಬ ವಿಶಾಲವಾದ ಅರ್ಥವೂ ಇದೆ. ಆ ದಿನ ದೇವಾಲಯಗಳಲ್ಲಿ ಆ ನೀತಿವಂತ ಕುಶಲಕರ್ಮಿಯ ಗುಣಗಾನ ಮಾಡಿದೆವು. ಅದೇ ದಿನ ಮಧ್ಯಾಹ್ನದ ಮೇಲೆ ಧಾರವಾಡದ ಕುಮಾರೇಶ್ವರ ನಗರದಲ್ಲಿ ಬಹುಮಹಡಿಯ ವಾಣಿಜ್ಯ ಸಂಕೀರ್ಣವೊಂದು ಕುಸಿದು ಬಿತ್ತು. ಕಟ್ಟಡದ ಕೆಲಸ ಇನ್ನೂ ಮುಗಿದಿರಲಿಲ್ಲ. ಆದರೂ ಕೆಳಗಿನ ಮಳಿಗೆಗಳಲ್ಲಿ ವ್ಯಾಪಾರ ನಡೆದಿತ್ತು. ಅವಶೇಷಗಳಡಿಯಿಂದ ಜನರನ್ನು ಹೊರತೆಗೆಯುವ ಕೆಲಸ ದಿನಗಟ್ಟಲೆ ಸಾಗಿತು. ಸತ್ತವರು 19 ಮಂದಿ.

ನಮ್ಮ ರಾಜ್ಯಕ್ಕೆ ಅದು ಕೊನೆಯ ಪಾಠವಾಗಲಿಲ್ಲ. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದ ಕಟ್ಟಡ ಮಳೆಯಲ್ಲಿ ಕುಸಿದು ಕೂಲಿ ಕಾರ್ಮಿಕರು ಮಣ್ಣಾದರು. ಇಂಥ ಸುದ್ದಿ ಬಂದಾಗಲೆಲ್ಲ ನಾವು ಏನು ಮಾಡುತ್ತೇವೆ? ಮೃತರ ಆತ್ಮಶಾಂತಿಗಾಗಿ ಭಕ್ತರ ಬಿನ್ನಹಗಳಲ್ಲಿ ಒಂದು ಸಾಲು ಸೇರಿಸುತ್ತೇವೆ. ವಿಧಿ ಎನ್ನುತ್ತೇವೆ. ದೇವರ ಚಿತ್ತ ಎನ್ನುವವರೂ ಇದ್ದಾರೆ.

ಪ್ರಭು ಯೇಸುವಿನ ಮುಂದೆಯೂ ಇಂಥದೊಂದು ಸುದ್ದಿಯ ಮಾತು ಬಂದಿತ್ತು. ಸಿಲೋವಾಮಿನಲ್ಲಿ ಗೋಪುರ ಬಿದ್ದು ಹದಿನೆಂಟು ಮಂದಿ ಸತ್ತಿದ್ದರು. ಅವರು ಜೆರುಸಲೇಮಿನ ಉಳಿದವರಿಗಿಂತ ಹೆಚ್ಚಿನ ಪಾಪಿಗಳೇನೂ ಅಲ್ಲವೆಂದು ಪ್ರಭು ಸ್ಪಷ್ಟಪಡಿಸಿದರು. ಆಮೇಲೆ ಮಾತನ್ನು ಸತ್ತವರಿಂದ ಬದುಕಿರುವವರ ಕಡೆಗೆ ತಿರುಗಿಸಿ, ಮನಪರಿವರ್ತನೆ ಹೊಂದದಿದ್ದರೆ ನಿಮಗೂ ಇದೇ ಗತಿ ಎಂದು ಎಚ್ಚರಿಸಿದರು (ಲೂಕ 13). ಈ ಭಾಗದ ಮೇಲೆ ನಾನು ಎಷ್ಟೋ ಬಾರಿ ಪ್ರಬೋಧಿಸಿದ್ದೇನೆ. ಮನಪರಿವರ್ತನೆಯೆಂದರೆ ಕುಡಿತ ಬಿಡುವುದು, ಜಗಳ ಬಿಡುವುದು ಎಂದು ವಿವರಿಸಿದ್ದೇನೆ. ಗೋಪುರವನ್ನು ಗಟ್ಟಿಯಾಗಿ ಕಟ್ಟುವುದೂ ಮನಪರಿವರ್ತನೆಯೇ ಎಂದು ಒಮ್ಮೆಯೂ ಹೇಳಲಿಲ್ಲ.

ನನ್ನದೂ ಒಂದು ತಪ್ಪೊಪ್ಪಿಗೆ

ಹಾಗೆ ಹೇಳದಿರಲು ಕಾರಣವೂ ಇತ್ತು. ಇಪ್ಪತ್ತು ವರ್ಷಗಳಿಗೂ ಹಿಂದೆ ಸಣ್ಣ ನಗರವೊಂದರ ಧರ್ಮಕೇಂದ್ರದಲ್ಲಿ ನಾನು ಸೇವೆಯಲ್ಲಿದ್ದೆ. ಅಲ್ಲೊಂದು ಸಮುದಾಯ ಭವನ ಕಟ್ಟಿಸಿದೆವು. ನಗರಸಭೆಯಿಂದ ಅನುಮತಿ ಪಡೆದದ್ದು ನೆಲ ಅಂತಸ್ತಿಗೆ ಮಾತ್ರ. ಕೆಲಸ ಮುಗಿಯುತ್ತಾ ಬಂದಾಗ ಧರ್ಮೋಪದೇಶದ ತರಗತಿಗಳಿಗೆ ಮೇಲೊಂದು ಅಂತಸ್ತು ಇದ್ದರೆ ಚೆನ್ನ ಎಂದು ಎಲ್ಲರಿಗೂ ಅನ್ನಿಸಿತು. ಹೊಸದಾಗಿ ನಕ್ಷೆ ಸಲ್ಲಿಸಿದರೆ ತಿಂಗಳುಗಳೇ ಹಿಡಿಯುತ್ತವೆ. ಪಾಲನಾ ಸಮಿತಿಯ ಸದಸ್ಯರೊಬ್ಬರು, "ನಗರಸಭೆಯಲ್ಲಿ ನಮಗೆ ಬೇಕಾದವರಿದ್ದಾರೆ ಫಾದರ್, ನಾನು ನೋಡ್ಕೋತೀನಿ," ಎಂದರು. ಅವರು ಏನು ನೋಡಿಕೊಂಡರೋ ನಾನು ಕೇಳಲಿಲ್ಲ. ಕೇಳದೆ ಇರುವುದನ್ನೇ ನಿರಪರಾಧ ಎಂದುಕೊಂಡೆ.

ಭಕ್ತರ ಪೈಕಿ ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಹಿರಿಯ ಓವರ್‌ಸಿಯರ್ ಒಬ್ಬರಿದ್ದರು. ಒಂದು ಸಂಜೆ ಗುರುನಿವಾಸಕ್ಕೆ ಬಂದು, "ಫಾದರ್, ಬೇಜಾರು ಮಾಡ್ಕೋಬೇಡಿ. ಆ ಕಂಬಗಳನ್ನು ಒಂದೇ ಅಂತಸ್ತಿಗೆ ಲೆಕ್ಕ ಹಾಕಿರೋದು. ಮೇಲೆ ಮಕ್ಕಳನ್ನು ಕೂರಿಸೋ ಮುಂಚೆ ಯಾರಾದರೂ ಎಂಜಿನಿಯರ್ ಹತ್ತಿರ ಇನ್ನೊಮ್ಮೆ ತೋರಿಸಿ," ಎಂದರು. ನಾನು ನಗುತ್ತಾ, "ಇದು ದೇವರ ಕೆಲಸ, ದೇವರೇ ನೋಡಿಕೊಳ್ಳುತ್ತಾರೆ ಬಿಡಿ," ಎಂದೆ. ಅವರು ಮತ್ತೆ ಮಾತನಾಡದೆ ಛತ್ರಿ ತೆಗೆದುಕೊಂಡು ಹೊರಟರು.

ಮುಂದಿನ ವರ್ಷ ಧರ್ಮಕೇಂದ್ರದ ಹಬ್ಬದಂದು ಮೇಲಿನ ಅಂತಸ್ತಿನಲ್ಲಿ ಮಕ್ಕಳ ನಾಟಕ. ಜನ ಕಿಕ್ಕಿರಿದಿದ್ದರು. ಕೆಳಗೆ ಊಟದ ಎಲೆ ಹಾಕುತ್ತಿದ್ದವರ ಮೇಲೆ ತೊಲೆಯ ಗಾರೆ ಉದುರಿತು. ತೊಲೆಯುದ್ದಕ್ಕೂ ಬಿರುಕು ಮೂಡಿದ್ದನ್ನು ಮೊದಲು ಕಂಡವರು ಅದೇ ಹಿರಿಯರು. ಅವರು ಕೂಗಲಿಲ್ಲ. ಮೇಲೆ ಬಂದು ನನ್ನ ಕಿವಿಯಲ್ಲಿ ವಿಷಯ ಹೇಳಿ, ಮಕ್ಕಳನ್ನು ಸಾಲಾಗಿ, ಓಡದಂತೆ ಕೆಳಗಿಳಿಸಿದರು. ಯಾರಿಗೂ ಏನೂ ಆಗಲಿಲ್ಲ. ಆಮೇಲೆ ತಜ್ಞರನ್ನು ಕರೆಸಿ, ಕಂಬಗಳ ಸುತ್ತ ಹೊಸ ಕಬ್ಬಿಣ ಕಟ್ಟಿಸಿ ಕಾಂಕ್ರೀಟು ತುಂಬಿಸಿದೆವು. ಮೊದಲೇ ಸರಿಯಾಗಿ ಕಟ್ಟಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚು ಖರ್ಚಾಯಿತು.

ಆದರೆ ನನ್ನ ತಪ್ಪೊಪ್ಪಿಗೆ ಅದರದಲ್ಲ. ಮುಂದಿನ ಭಾನುವಾರ ಕೃತಜ್ಞತಾ ಬಲಿಪೂಜೆ ಅರ್ಪಿಸಿದೆವು. ಮಾತೆ ಮರಿಯಮ್ಮನವರು ತಮ್ಮ ಸೆರಗಿನಡಿ ಮಕ್ಕಳನ್ನು ಕಾಪಾಡಿದರೆಂದು ನಾನು ಪ್ರಬೋಧನೆ ಮಾಡಿದೆ. ಹಲವರು ಕಣ್ಣೊರೆಸಿಕೊಂಡರು. ಆ ಅಂತಸ್ತಿಗೆ ಪರವಾನಗಿ ಇರಲಿಲ್ಲವೆಂದು, ಎಚ್ಚರಿಸಿದವರ ಮಾತನ್ನು ನಾನು ನಗುತ್ತಾ ತಳ್ಳಿಹಾಕಿದೆನೆಂದು ಹೇಳಲಿಲ್ಲ. ಮೂರನೆಯ ಬೆಂಚಿನಲ್ಲಿ ಆ ಹಿರಿಯರು ತಲೆತಗ್ಗಿಸಿ ಕುಳಿತಿದ್ದರು. ಅವರು ಈಗಿಲ್ಲ. ಅವರು ಬದುಕಿದ್ದಾಗಲೇ ಬರೆಯಬೇಕಾಗಿದ್ದ ಮಾತನ್ನು ಇಷ್ಟು ತಡವಾಗಿ ಬರೆಯುತ್ತಿದ್ದೇನೆ.

ದೇವರೇ ನೋಡಿಕೊಳ್ಳುತ್ತಾರೆ ಎಂಬ ನನ್ನ ಮಾತಿನಲ್ಲಿ ವಿಶ್ವಾಸವಿತ್ತೆಂದು ಆಗ ತಿಳಿದಿದ್ದೆ. ಪ್ರಭುವನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಎಂದು ಪ್ರೇರೇಪಿಸಿದವನ ಮಾತೂ ಅದೇ ಆಗಿತ್ತು. ದೇವರನ್ನು ಪರೀಕ್ಷಿಸಬಾರದೆಂಬ ಉತ್ತರವನ್ನು ಪ್ರಭು ಕೊಟ್ಟರು. ನಮ್ಮ ಮಕ್ಕಳು ಉಳಿದದ್ದು ಪವಾಡವಾದರೆ, ಸಂತ ಜೋಸೆಫರ ಹಬ್ಬದಂದೇ ಧಾರವಾಡದಲ್ಲಿ ಸತ್ತ 19 ಮಂದಿಯನ್ನು ದೇವರು ಕೈಬಿಟ್ಟರೇ? ಹಾಗೆನ್ನುವ ಧೈರ್ಯ ನನಗಿಲ್ಲ. ಕಂಬಕ್ಕೆ ನಮ್ಮ ಭಕ್ತಿ ತಿಳಿಯದು. ತನ್ನ ಮೇಲಿರುವ ಭಾರ ಮಾತ್ರ ತಿಳಿಯುತ್ತದೆ. ಐದು ಅಂಗುಲ ದಪ್ಪದ ಕಾಂಕ್ರೀಟ್ ತಾರಸಿ ಪ್ರತಿ ಚದರ ಮೀಟರಿಗೆ ಸುಮಾರು 300 ಕಿಲೋ ತೂಗುತ್ತದೆ. 1000 ಚದರ ಅಡಿಯ ತಾರಸಿಯೆಂದರೆ, ಗೋಡೆ ತೊಲೆಗಳನ್ನು ಬಿಟ್ಟೇ, 28ರಿಂದ 30 ಟನ್. ಅನುಮತಿಯಿಲ್ಲದೆ ಒಂದು ಅಂತಸ್ತು ಏರಿಸುವವನು ಯಾರನ್ನೂ ಕೇಳದೆ ಕೆಳಗಿನವರ ತಲೆಯ ಮೇಲೆ ಅಷ್ಟು ಭಾರ ಹೊರಿಸುತ್ತಾನೆ.

ನಾವು ಹೇಳುವ ನೆವಗಳು

ನಮ್ಮ ಕಾನೂನು ಏನು ಬೇಡುತ್ತದೆಂದು ನೋಡಿ. 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮದ 187ನೆಯ ಪ್ರಕರಣದಂತೆ ನಗರಸಭೆಯ ವ್ಯಾಪ್ತಿಯಲ್ಲಿ ಕಟ್ಟಡ ಕಟ್ಟಲು ಮುಂಚಿತವಾಗಿ ಅನುಮತಿ ಪಡೆಯಬೇಕು. ಮಹಾನಗರಪಾಲಿಕೆಗಳಿಗೆ 1976ರ ಅಧಿನಿಯಮವಿದೆ. ಅನುಮತಿಯಿಲ್ಲದೆ ಕಟ್ಟಿದ್ದನ್ನು ತೆಗೆಸುವ ಅಧಿಕಾರ ಅದರ 321ನೆಯ ಪ್ರಕರಣದಲ್ಲಿದೆ. ಕಾನೂನಿಗೆ ಕೊರತೆಯಿಲ್ಲ. ಹಾಗಾದರೆ ನಮ್ಮ ಸಣ್ಣ ನಗರಗಳಲ್ಲಿ ಬೀದಿಗೊಂದರಂತೆ ನಕ್ಷೆ ಮೀರಿದ ಕಟ್ಟಡಗಳು ಏಕೆ ಎದ್ದು ನಿಂತಿವೆ?

ಸಣ್ಣ ನಗರದಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ನಗರಸಭೆಯ ಎಂಜಿನಿಯರರ ಮಗಳು ನಮ್ಮ ಶಾಲೆಯಲ್ಲಿಯೇ ಓದುತ್ತಾಳೆ. ವಾರ್ಡಿನ ಸದಸ್ಯರು ಪಕ್ಕದ ಬೀದಿಯವರು. ನೋಟಿಸು ಕೊಡುವವರಿಗೂ ದಾಕ್ಷಿಣ್ಯ, ದೂರು ಕೊಡುವವರಿಗೂ ದಾಕ್ಷಿಣ್ಯ. ನಕ್ಷೆಗೆ ಸಹಿ ಹಾಕಿದವರು ನಿವೇಶನವನ್ನು ಕಂಡಿರುವುದಿಲ್ಲ. ನಿವೇಶನಕ್ಕೆ ಬಂದು ನೋಡಬೇಕಾದವರು ಕಚೇರಿಯಿಂದ ಏಳುವುದಿಲ್ಲ. ಒಬ್ಬರ ಮುಲಾಜಿಗೆ ಮತ್ತೊಬ್ಬರು ಕಣ್ಣು ಮುಚ್ಚಿಕೊಂಡರೆ ಊರಿಗೆ ಊರೇ ಕುರುಡಾಗುತ್ತದೆ.

ಕೇಳಿದರೆ ನೆವಗಳು ಸಿದ್ಧವಾಗಿವೆ. "ಎಲ್ಲರೂ ಮಾಡುತ್ತಾರೆ" ಎಂಬುದು ಮೊದಲನೆಯದು. ಹತ್ತು ಆಜ್ಞೆಗಳಲ್ಲಿ ಯಾವುದಕ್ಕೆ ಈ ಉತ್ತರ ಸಲ್ಲುತ್ತದೆ?

"30×40 ಅಡಿಯ ನಿವೇಶನದಲ್ಲಿ ಸುತ್ತಲೂ ಜಾಗ ಬಿಟ್ಟರೆ ನಮಗೆ ಉಳಿಯುವುದೇನು?" ಎಂಬುದು ಎರಡನೆಯದು. ಇದರಲ್ಲಿ ಕಷ್ಟವಿದೆ, ಒಪ್ಪುತ್ತೇನೆ. ಜೀವಮಾನದ ಉಳಿತಾಯವನ್ನು ಸುರಿದು ಒಂದಂಗುಲವನ್ನೂ ಬಿಡದೆ ಕಟ್ಟುವ ಮಧ್ಯಮ ವರ್ಗದವರ ಸಂಕಟ ನನಗೆ ತಿಳಿಯದ್ದಲ್ಲ. ಆದರೆ ಬಿಡಬೇಕಾದ ಆ ಜಾಗ ನಿಮ್ಮ ಅಡುಗೆಮನೆಗೆ ಬೆಳಕು, ಪಕ್ಕದ ಮನೆಯ ಹಸುಗೂಸಿಗೆ ಗಾಳಿ, ಬೆಂಕಿ ಬಿದ್ದಾಗ ಏಣಿ ಇಡುವವರಿಗೆ ದಾರಿ. ನಿಯಮ ನಿಮ್ಮೂರಿಗೆ ಹೊಂದದಿದ್ದರೆ ಅದನ್ನು ಬದಲಿಸಲು ಹೋರಾಡಿ. ನಾನೂ ಬಂದು ಸಹಿ ಹಾಕುತ್ತೇನೆ. ಪಕ್ಕದವರು ಜಾಗ ಬಿಡದಿದ್ದಾಗ ದೂರು ಬರೆದು, ನಮ್ಮ ಸರದಿ ಬಂದಾಗ ಜಾಗ ನುಂಗುವುದು ಹೋರಾಟವಾಗದು.

"ಎಲ್ಲ ಸರಿಯಿದ್ದರೂ ಕೈ ಬಿಸಿ ಮಾಡದೆ ಫೈಲು ಚಲಿಸುವುದಿಲ್ಲ" ಎಂಬುದು ಮೂರನೆಯದು. ಇದು ಸುಳ್ಳೆಂದು ಹೇಳಲಾರೆ. ನಿಯಮದಂತೆ ಕಟ್ಟುವವನನ್ನು ತಿಂಗಳುಗಟ್ಟಲೆ ಅಲೆಸಿ, ಮೀರಿ ಕಟ್ಟುವವನಿಗೆ ಒಂದೇ ದಿನದಲ್ಲಿ ದಾರಿ ಬಿಡುವ ಕಚೇರಿ ಪ್ರಾಮಾಣಿಕತೆಗೇ ದಂಡ ವಿಧಿಸುತ್ತದೆ. ಅಂಥ ಕಚೇರಿಯ ಮೇಲೆ ನನ್ನ ಸಿಟ್ಟು ನಿಮ್ಮದಕ್ಕಿಂತ ಕಡಿಮೆಯಿಲ್ಲ. ಆದರೆ ಲಂಚಗಳಲ್ಲಿಯೂ ಭೇದವಿದೆ. ಹಕ್ಕಿನ ಕಾಗದ ಸಿಗದೆ ಸೋತು ಕೊಟ್ಟವನು ಸುಲಿಗೆಗೆ ಒಳಗಾದವನು. ಇಲ್ಲದ ಹಕ್ಕನ್ನು ಕೊಳ್ಳಲು ಕೊಟ್ಟವನು ಪಾಲುದಾರ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಏಳನೆಯ ಆಜ್ಞೆಯ ವಿವರಣೆಯಲ್ಲಿ (2409), ಕಾನೂನಿನಂತೆ ತೀರ್ಮಾನಿಸಬೇಕಾದವರ ಮನಸ್ಸನ್ನು ತಿರುಗಿಸುವ ಭ್ರಷ್ಟಾಚಾರವನ್ನೂ ಕಳಪೆಯಾಗಿ ಮಾಡಿದ ಕೆಲಸವನ್ನೂ ಒಂದೇ ಸಾಲಿನಲ್ಲಿ ಹೆಸರಿಸುತ್ತದೆ. ಎರಡೂ ಕಳ್ಳತನವೇ. ಕಟ್ಟಡದ ವಿಷಯದಲ್ಲಿ ಆ ಕಳ್ಳತನ ಯಾವ ಗಳಿಗೆಯಲ್ಲಿ ಐದನೆಯ ಆಜ್ಞೆಯ ಉಲ್ಲಂಘನೆಯಾದೀತೆಂದು ಯಾರೂ ಹೇಳಲಾರರು.

"ನಾವು ಅಲ್ಪಸಂಖ್ಯಾತರು, ನಮ್ಮ ಕಡತವನ್ನೇ ಹುಡುಕಿ ತೆಗೆಯುತ್ತಾರೆ" ಎಂಬುದು ನಮ್ಮ ಸಂಸ್ಥೆಗಳ ಸಭೆಗಳಲ್ಲಿ ಕೇಳುವ ನೆವ. ಹಾಗಿದ್ದರೆ ನಮ್ಮ ಕಡತ ಎಲ್ಲರದಕ್ಕಿಂತ ಸ್ವಚ್ಛವಾಗಿರಬೇಕಲ್ಲವೇ? ನಮ್ಮ ಶಾಲೆಗಳಲ್ಲಿ ಎಲ್ಲ ಧರ್ಮಗಳ ತಾಯಂದಿರು ತಮ್ಮ ಮಕ್ಕಳನ್ನು ಬೆಳಿಗ್ಗೆ ಬಿಟ್ಟು ಹೋಗುತ್ತಾರೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಖಾಸಗಿ ಶಾಲೆಯೊಂದರಲ್ಲಿ ಹುಲ್ಲಿನ ಛಾವಣಿಗೆ ಬೆಂಕಿ ತಗುಲಿ 94 ಮಕ್ಕಳು ಸುಟ್ಟು ಸತ್ತರು. ಆ ದುರಂತದ ಬೆನ್ನಲ್ಲೇ ಹೂಡಿದ ಮೊಕದ್ದಮೆಯಲ್ಲಿ 2009ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಸುರಕ್ಷಿತ ಶಾಲೆ ಮಗುವಿನ ಶಿಕ್ಷಣದ ಹಕ್ಕಿನ ಭಾಗವೇ ಆಗಿದೆ, ಶಾಲಾ ಕಟ್ಟಡಗಳು ರಾಷ್ಟ್ರೀಯ ಕಟ್ಟಡ ಸಂಹಿತೆಯನ್ನು ಪಾಲಿಸಬೇಕು ಎಂದಿತು. ನಿಮ್ಮ ಮಗು ಓದುವ ಶಾಲೆಗೆ ಎರಡನೆಯ ಮೆಟ್ಟಿಲು ಇದೆಯೇ? ಅದರ ಬಾಗಿಲಿಗೆ ಬೀಗ ಹಾಕಿದ್ದಾರೆಯೇ? ಶುಲ್ಕ ಹೆಚ್ಚಿಸಿದಾಗ ನಮ್ಮನ್ನು ಪ್ರಶ್ನಿಸುವ ಪೋಷಕರು ಇದನ್ನೂ ಪ್ರಶ್ನಿಸಲಿ.

ಪಾಪವಿಮೋಚನಾ ಪತ್ರದ ಮಾರಾಟ

ಹಣಕ್ಕೆ ಕ್ಷಮೆ ಮಾರುವುದು ಎಂಥ ಕೇಡೆಂದು ನಮ್ಮ ಧರ್ಮಸಭೆ ಕಹಿಯಾಗಿ ಕಲಿತಿದೆ. ಹದಿನಾರನೆಯ ಶತಮಾನದಲ್ಲಿ ಪಾಪದಂಡ ವಿಮೋಚನೆಯ ಹೆಸರಿನಲ್ಲಿ ನಡೆದ ವ್ಯಾಪಾರ ಕ್ರೈಸ್ತಲೋಕವನ್ನು ಒಡೆಯಲು ಒಂದು ಕಾರಣವಾಯಿತು. 1567ರಲ್ಲಿ ಜಗದ್ಗುರು ಐದನೆಯ ಪಿಯುಸರು ಹಣ ನೀಡಿ ಪಡೆಯುವ ಅಂಥ ಅನುಗ್ರಹಗಳನ್ನು ರದ್ದುಗೊಳಿಸಿದರು. ನಾಲ್ಕೂವರೆ ಶತಮಾನಗಳ ನಂತರ ಅದೇ ಅಂಗಡಿಯನ್ನು ನಮ್ಮ ಸರ್ಕಾರಗಳು ತೆರೆದಿವೆ. ನಾವು ಸರದಿಯಲ್ಲಿ ನಿಂತಿದ್ದೇವೆ.

'ಅಕ್ರಮ-ಸಕ್ರಮ' ಎಂಬ ಹೆಸರನ್ನು ಕೇಳದವರಿಲ್ಲ. 2007ರಲ್ಲಿ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಗೆ ತಿದ್ದುಪಡಿ ತಂದು, 2014ರಲ್ಲಿ ನಿಯಮಗಳನ್ನು ರೂಪಿಸಿದರು. ವಾಸದ ಕಟ್ಟಡಗಳಲ್ಲಿ ಶೇಕಡಾ 50ರವರೆಗಿನ, ವಾಣಿಜ್ಯ ಕಟ್ಟಡಗಳಲ್ಲಿ ಶೇಕಡಾ 25ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿ ಸಕ್ರಮಗೊಳಿಸಿಕೊಳ್ಳಬಹುದೆಂಬುದು ಅದರ ತಿರುಳು. 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ನೀಡಿತು. ಈ ಯೋಜನೆಯ ನಿರೀಕ್ಷೆಯಲ್ಲಿಯೇ ಎಷ್ಟು ಅಂತಸ್ತುಗಳು ಏರಿದವೋ ದೇವರೇ ಬಲ್ಲರು. "ಕಟ್ಟಿಬಿಡಿ, ಮುಂದೆ ಸಕ್ರಮ ಆಗುತ್ತೆ" ಎಂಬುದು ನಮ್ಮ ಮೇಸ್ತ್ರಿಗಳ ಬಾಯಲ್ಲಿ ನಿಂತ ಮಾತಾಗಿದೆ.

ಪಾಪನಿವೇದನೆಯ ಸಂಸ್ಕಾರದಲ್ಲಿ ಪಶ್ಚಾತ್ತಾಪವಿರಬೇಕು, ಮತ್ತೆ ಮಾಡುವುದಿಲ್ಲವೆಂಬ ದೃಢಸಂಕಲ್ಪವಿರಬೇಕು, ಆದ ನಷ್ಟವನ್ನು ತುಂಬಿಕೊಡಬೇಕು. ಈ ಮೂರೂ ಇಲ್ಲದೆ ದಂಡ ಮಾತ್ರ ತೆತ್ತರೆ ಕಂಬ ದಪ್ಪವಾಗುವುದೇ? ಮುಚ್ಚಿದ ಓಣಿಯಲ್ಲಿ ಅಗ್ನಿಶಾಮಕ ವಾಹನ ಸಾಗುವುದೇ? ಜನ ಕಟ್ಟಿದ ದುರ್ಬಲ ಗೋಡೆಗೆ ಸುಣ್ಣ ಬಳಿದು, ಎಲ್ಲವೂ ಕ್ಷೇಮವೆಂದ ಸುಳ್ಳು ಪ್ರವಾದಿಗಳ ಕುರಿತು ಪ್ರವಾದಿ ಯೆಹೆಜ್ಕೇಲನು ಗುಡುಗಿದ್ದು ಅವನ ಗ್ರಂಥದ 13ನೆಯ ಅಧ್ಯಾಯದಲ್ಲಿದೆ. ಸರ್ಕಾರದ ಮೊಹರೂ ಬಿರುಕಿನ ಮೇಲೆ ಬಿದ್ದಾಗ ಸುಣ್ಣವೇ.

ಬಡವನ ಜೋಪಡಿ, ಉಳ್ಳವರ ಅಂತಸ್ತು

ಇಷ್ಟನ್ನು ಓದಿ, ಹಾಗಾದರೆ ಬುಲ್ಡೋಜರ್ ತರಲಿ ಎಂದು ಯಾರಾದರೂ ಹೇಳುವುದಾದರೆ, ಅವರೊಂದಿಗೂ ನಾನಿಲ್ಲ. ಕಾನೂನು ನಮ್ಮ ಊರುಗಳಲ್ಲಿ ಎರಡು ನಾಲಿಗೆಯಿಂದ ಮಾತನಾಡುತ್ತದೆ. ರಾಜಕಾಲುವೆಯ ಪಕ್ಕ ತಗಡು ಹೊದಿಸಿಕೊಂಡ ಕೂಲಿಯವನ ಜೋಪಡಿ ಬೆಳಗಾಗುವುದರೊಳಗೆ ನೆಲಸಮ. ಅದೇ ಕಾಲುವೆಯ ಮೇಲೆ ಎದ್ದ ಕಲ್ಯಾಣ ಮಂಟಪಕ್ಕೆ ವರ್ಷಗಟ್ಟಲೆ ನೋಟಿಸಿನ ಮೇಲೆ ನೋಟಿಸು. ಮನೆ ಕೆಡವುವ ಮುಂಚೆ ಕನಿಷ್ಠ 15 ದಿನಗಳ ನೋಟಿಸು ಕೊಟ್ಟು ಅವರ ಅಹವಾಲು ಕೇಳಬೇಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರಂದು ಹೇಳಿತು. ಬೂಷ್ಟು ಹಿಡಿದ ಗೋಡೆಗೂ ಏಳು ದಿನಗಳ ಅವಕಾಶ ಕೊಟ್ಟ ದೇವರನ್ನು ಆರಾಧಿಸುವ ನಮಗೆ ಇದು ಹೊಸ ಮಾತಾಗಬಾರದು.

ಅದೇ ವರ್ಷದ ಡಿಸೆಂಬರ್ 17ರಂದು ಮೀರತ್ ನಗರದ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ ಮತ್ತೊಂದು ತೀರ್ಪು ನೀಡಿತು. ಕಟ್ಟಡ ಏಳುವಷ್ಟು ಕಾಲವೂ ಅನುಮೋದಿತ ನಕ್ಷೆಯನ್ನು ಅಲ್ಲಿಯೇ ತೂಗುಹಾಕಬೇಕು. ಅಧಿಕಾರಿಗಳು ಆಗಾಗ ಬಂದು ನೋಡಿ ದಾಖಲಿಸಬೇಕು. ಕಟ್ಟಡ ನಕ್ಷೆಯಂತೆ ಮುಗಿದಿದೆಯೆಂಬ ಪ್ರಮಾಣಪತ್ರವಿಲ್ಲದೆ ವಿದ್ಯುತ್ತು, ನೀರು ಕೊಡಬಾರದು. ತಪ್ಪಿದ ಅಧಿಕಾರಿಗಳ ಮೇಲೂ ಕ್ರಮವಾಗಬೇಕು ಎಂದಿತು. ಅದರ ಪರಿಣಾಮವಾಗಿ 2025ರಲ್ಲಿ ನಮ್ಮ ರಾಜ್ಯದಲ್ಲಿ ಅನೇಕರು ಹೊಸ ಮನೆಗೆ ವಿದ್ಯುತ್ ಸಂಪರ್ಕ ಸಿಗದೆ ಪರದಾಡಿದರು. ಸಂಪರ್ಕ ಕೊಡಿ ಎಂದು ಕೂಗಿದವರು ಬಹಳ. ಬಡವನೂ ಅಲೆಯದೆ ಪ್ರಮಾಣಪತ್ರ ಪಡೆಯುವಂತೆ ದಾರಿ ಸರಿಪಡಿಸಿ ಎಂದು ಕೇಳಿದವರು ವಿರಳ. ಎರಡನೆಯದನ್ನು ಕೇಳುವುದು ಕ್ರೈಸ್ತರ ಕರ್ತವ್ಯವೆಂದು ನಾನು ತಿಳಿಯುತ್ತೇನೆ.

ಮುಂದೇನು?

ದೊಡ್ಡ ಮಾತು ಸಾಕು. ಒಂದು ಧರ್ಮಕೇಂದ್ರ ನಾಳೆಯಿಂದಲೇ ಮಾಡಬಹುದಾದದ್ದನ್ನು ಹೇಳುತ್ತೇನೆ. ದೇವಾಲಯ, ಶಾಲೆ, ಭವನ, ಗುರುನಿವಾಸ ಯಾವುದನ್ನೇ ಕಟ್ಟಿದರೂ ಅನುಮೋದಿತ ನಕ್ಷೆಯನ್ನು ದೇವಾಲಯದ ಸೂಚನಾ ಫಲಕದಲ್ಲಿ ಹಾಕಲಿ. ಅದನ್ನು ಓದಬಲ್ಲವರು ನಿಮ್ಮಲ್ಲಿ ಇದ್ದಾರೆ. ಮೇಸ್ತ್ರಿಗಳು, ಗಾರೆ ಕೆಲಸದವರು, ಎಂಜಿನಿಯರಿಂಗ್ ಓದಿದ ಮಕ್ಕಳು ಪ್ರತಿ ಭಾನುವಾರವೂ ಬಲಿಪೂಜೆಗೆ ಬರುತ್ತಾರೆ. ಅವರಿಂದ ವಂತಿಗೆ ಕೇಳುವಷ್ಟು ಸಲೀಸಾಗಿ ಸಲಹೆಯನ್ನೂ ಕೇಳೋಣ. ನಕ್ಷೆಯಲ್ಲಿಲ್ಲದ ಒಂದು ಕಂಬ ಎದ್ದರೂ "ಏಕೆ ಫಾದರ್?" ಎಂದು ನೀವು ಕೇಳಬೇಕು. ಗುರುಗಳು ಬೇಸರಿಸಿಕೊಂಡರೆ ಬೇಸರಿಸಿಕೊಳ್ಳಲಿ. ಅಂದು ನನ್ನನ್ನು ಇನ್ನೂ ನಾಲ್ಕು ಮಂದಿ ಕೇಳಿದ್ದರೆ ಆ ಅಂತಸ್ತು ಹಾಗೆ ಏರುತ್ತಿರಲಿಲ್ಲ.

ಹಳೆಯ ಕಟ್ಟಡಗಳಿಗೂ ಇದು ಅನ್ವಯಿಸಲಿ. ಶಾಲೆಯ ರಜೆಯಲ್ಲಿ ತಜ್ಞರೊಬ್ಬರನ್ನು ಕರೆಸಿ ತೊಲೆ, ಕಂಬ, ಮೆಟ್ಟಿಲು, ಕಟಕಟೆಗಳನ್ನು ತೋರಿಸಿ, ಅವರು ಬರೆದುಕೊಟ್ಟದ್ದನ್ನು ಬಚ್ಚಿಡದೆ ಓದಿ ಹೇಳೋಣ. ಹಬ್ಬದ ದೀಪಾಲಂಕಾರಕ್ಕೆ ಖರ್ಚು ಮಾಡುವ ನಮಗೆ ಇದು ಹೊರೆಯಾಗದು.

ಇನ್ನು ನಿಮ್ಮ ಮನೆಯ ಆಶೀರ್ವಾದ. ವ್ಯಾಪಾರ ಸಂಕೀರ್ಣ, ಬಾಡಿಗೆಯ ಬಹುಮಹಡಿ, ಸಂಸ್ಥೆಯ ಕಟ್ಟಡಗಳಿಗೆ ನನ್ನನ್ನು ಕರೆದರೆ ಪ್ರಮಾಣಪತ್ರವನ್ನು ಮೊದಲು ಕೇಳುತ್ತೇನೆ, ಅದಿಲ್ಲದಿದ್ದರೆ ಬರುವುದಿಲ್ಲ. ಸಾಲ ಮಾಡಿ ಎರಡು ಕೋಣೆ ಕಟ್ಟಿಕೊಂಡ ಕುಟುಂಬ ಕರೆದರೆ ಖಂಡಿತ ಬರುತ್ತೇನೆ, ಯಾವ ಕಾಗದವನ್ನೂ ಕೇಳುವುದಿಲ್ಲ. ಆದರೆ ಕೋಣೆಗಳಿಗೆ ಪವಿತ್ರ ಜಲ ಪ್ರೋಕ್ಷಿಸಿದ ಮೇಲೆ ಊಟಕ್ಕೆ ಕೂರುವ ಮುಂಚೆ ನಿಮ್ಮ ತಾರಸಿಗೆ ಹತ್ತುತ್ತೇನೆ. ವಯಸ್ಸಾಯಿತು, ಮಂಡಿ ನೋಯುತ್ತದೆ, ಆದರೂ ಹತ್ತುತ್ತೇನೆ. ಅಲ್ಲಿ ಮಕ್ಕಳ ಎದೆಮಟ್ಟಕ್ಕೆ ಕಿರುಗೋಡೆ ಇದೆಯೇ ಎಂದು ಕೈಯಿಟ್ಟು ನೋಡುತ್ತೇನೆ. ಇಲ್ಲದಿದ್ದರೆ ಯಾವಾಗ ಕಟ್ಟಿಸುತ್ತೀರಿ ಎಂದು ಕೇಳಿ, ದಿನ ಗುರುತು ಹಾಕಿಕೊಂಡು, ಮತ್ತೊಮ್ಮೆ ಬರುತ್ತೇನೆ.